ಇನ್ನೂ ಖಾಲಿ ಮಾಡದವರು

ಖಾಲಿ ಮನೆಯ ಕೀಲಿ ತೆಗೆದು ಹೊಸ್ತಿಲು ದಾಟುವ ಮೊದಲು ಅವರು ಸಲಾಂ ಹೇಳುತ್ತಿದ್ದರು. ಹೇಳಿ ಸುಮ್ಮನೆ ನಿಲ್ಲುತ್ತಿದ್ದರು. ಒಳಗಿದ್ದವರು ಅಡುಗೆ ಖೋಲಿಯಿಂದ ಕೈ ಒರೆಸಿಕೊಳ್ಳುತ್ತ ಬಾಗಿಲ ತನಕ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ನಾನು ಹಿಂದೆ ನಿಂತು ಚಡಪಡಿಸುತ್ತಿದ್ದೆ.

“ಯಾರಿಗಿ ಸಲಾಂ ಖಾಲಾ? ಒಳಗ ಯಾರೂ ಇಲ್ಲಲ್ರೀ,” ಎಂದು ಮೊದಲ ಸಲ ಕೇಳಿದ್ದೆ.

“ಅದು ನಿನಗ ಹ್ಯಾಂಗ ಗೊತ್ತಾತು ಬೇಟಾ?” ಅಂದಿದ್ದರು.

ಖಾಲಾ ಅಂದರೆ ತಾಯಿಯ ಅಕ್ಕತಂಗಿ. ಬೀದರಿನ ಹಳೇ ಊರಿನ ಆ ಓಣಿಯಲ್ಲಿ ಹಿಂದೂ ಮುಸಲ್ಮಾನ ಎನ್ನದೆ ಎಲ್ಲರಿಗೂ ಅವರು ಖಾಲಾ. ಹೋದ ತಿಂಗಳು ತೀರಿಕೊಂಡರು. ಅವರ ಪೂರ್ತಿ ಹೆಸರು ನನಗೆ ಗೊತ್ತಿದೆ, ಬಾಡಿಗೆ ಕರಾರುಪತ್ರದ ಮೇಲೆ ಓದಿದ್ದೇನೆ. ಬದುಕಿದ್ದಾಗ ಒಮ್ಮೆಯೂ ಬಾಯಿ ತುಂಬ ಕರೆಯದ ಹೆಸರನ್ನು ಈಗ ಬರೆದರೆ ಬೇರೆ ಯಾರದೋ ಬಗ್ಗೆ ಬರೆದಂತಾಗುತ್ತದೆ, ಅದಕ್ಕೇ ಬಿಟ್ಟಿದ್ದೇನೆ.

ನಾನು ಔರಾದ ತಾಲೂಕಿನ ಚಿಂತಾಕಿಯವನು. ನಮ್ಮದು ಕುರಿ ಮೇಯಿಸುವ ಮನೆತನ. ಬೀದರಿನ ಕಾಳುಕಡಿ ಪೇಟೆ ಗಾಂಧಿ ಗಂಜಿನ ಒಬ್ಬ ಅಡತಿ ಸಾಹುಕಾರರ ಅಂಗಡಿಯಲ್ಲಿ, ತಕ್ಕಡಿ ಕಾಂಟಾದ ಮುಂದೆ ಕೂತು ತೊಗರಿ ಕಡಲೆ ಚೀಲಗಳ ತೂಕ ಬರೆಯುವ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತಮೂರು. ಖಾಲಾ ಅವರಿಗೆ ತಾವಿದ್ದ ಮನೆ ಬಿಟ್ಟು ಇನ್ನೂ ಐದು ಸಣ್ಣ ಮನೆಗಳಿದ್ದವು, ಎಲ್ಲ ಬಾಡಿಗೆಗೆ ಕೊಟ್ಟಿದ್ದವು. ಅದರಲ್ಲಿ ಅತಿ ಸಣ್ಣದು ನನ್ನ ಪಾಲಿಗೆ ಬಂತು.

ಕೀಲಿ ಕೊಡುವ ಮೊದಲು ಅವರು ಮನೆಯ ಹಾಲ್ ಹೇಳುತ್ತಿದ್ದರು. ಹಾಲ್ ಅಂದರೆ ಮನೆಯ ಸ್ಥಿತಿ ಗತಿ, ಇದ್ದದ್ದು ಇದ್ದಂತೆ. ಬೇರೆ ಮಾಲಕರು ಮನೆಯನ್ನು ಹೊಗಳಿ ಕೊಡುತ್ತಾರೆ. ಇವರು ಮನೆಯನ್ನು ಬೈದು ಕೊಡುತ್ತಿದ್ದರು.

“ಈ ಗ್ವಾಡಿ ಮಳಿಗಾಲದಾಗ ತೊಯ್ತದ, ಖಾಟ್ ಇತ್ತ ಹಾಕಬ್ಯಾಡ. ಎಡಗಡಿ ಮನ್ಯಾಂವ ಕುಡೀತಾನ, ಖರೆ ಬೈಯೂದಿಲ್ಲ, ಹಾಡ್ತಾನ. ನಳ ಎರಡ ದಿನಕ್ಕೊಮ್ಮಿ ಬರ್ತದ. ಈ ಒಳಗಿನ ಖೋಲ್ಯಾಗ ನಮ್ಮ ಅತ್ತಿ ತೀರಿದಳು. ಛೊಲೋ ಹೆಂಗಸಲ್ಲ ಅಕಿ. ಎಲ್ಲಾ ಹೇಳೇನಿ, ಇನ್ನ ಬೇಕಾದ್ರ ಕೀಲಿ ತಗೋ.”

ನಾನು ತಗೊಂಡೆ. ಆ ಅತ್ತೆ ತೀರಿದ ಖೋಲಿಯಲ್ಲೇ ನಾಲ್ಕು ವರ್ಷ ಮಲಗಿದೆ. ಇಷ್ಟೆಲ್ಲ ಕೇಳಿದ ಮೇಲೂ ಜನ ಅವರ ಮನೆಗೇ ಹಂಬಲಿಸುತ್ತಿದ್ದರು. ಕೆಟ್ಟದ್ದೆಲ್ಲ ಮೊದಲೇ ಗೊತ್ತಾದರೆ ಮನುಷ್ಯನಿಗೆ ಒಂದು ಧೈರ್ಯ ಬರುತ್ತದೆ ಎಂದು ಆಗ ನನಗೆ ಹೊಳೆದಿರಲಿಲ್ಲ. ಮುದುಕಿಗೆ ವ್ಯಾಪಾರ ಬರುವುದಿಲ್ಲ ಅಂದುಕೊಂಡಿದ್ದೆ.

ವ್ಯಾಪಾರ ಬರುತ್ತಿದ್ದದ್ದು ನನಗೆ! ಫೋನಿನಲ್ಲಿ ದಿನಾ ವಿಡಿಯೋ ನೋಡುತ್ತಿದ್ದೆ. ಇಪ್ಪತ್ತೈದರೊಳಗೆ ಮೊದಲ ಮನೆ ಕೊಳ್ಳಿ, ಬಾಡಿಗೆಗೆ ಕೊಡಿ, ಆ ಬಾಡಿಗೆಯಿಂದ ಎರಡನೇ ಮನೆ, ನೀವು ಮಲಗಿದ್ದಾಗಲೂ ನಿಮ್ಮ ಮನೆ ದುಡಿಯುತ್ತಿರಲಿ ಎಂದು ಕೋಟು ಹಾಕಿದ ಹುಡುಗರು ಕೈ ಬೀಸಿ ಹೇಳುತ್ತಿದ್ದರು. ಒಂದು ದಿನ ಖಾಲಾಗೂ ತೋರಿಸಿದೆ. ಅವರು ಕನ್ನಡಕ ಏರಿಸಿ ಪೂರ್ತಿ ನೋಡಿದರು.

“ಮನಿ ದುಡೀತದ? ಅದೇನು ಭಾರ ಹೊರೂ ಕತ್ತಿ ಅದೇನು?” ಅಂದರು. “ನನ್ನವು ಐದು ಅವ. ಯಾರ ಮನ್ಯಾಗ ಸೋರಲತ್ತದೋ, ಯಾರ ಮಗೀಗಿ ಜ್ವರ ಬಂದಾವೋ, ಒಂದಿನ ಕಣ್ಣತುಂಬ ನಿದ್ದಿ ಬಂದಿಲ್ಲ ನನಗ. ಆ ಕೋಟಿನಂವಗ ಕೇಳು, ಅಂವ ಎಲ್ಲಿ ಮಲಗತಾನ ಅಂತ.”

ಅವರದೊಂದು ಪದ್ಧತಿ ನನಗೆ ಶುದ್ಧ ಹುಚ್ಚು ಎನಿಸುತ್ತಿತ್ತು. ಬಾಡಿಗೆದಾರರು ಮನೆ ಬಿಟ್ಟು ಹೋದರೆ ನಲವತ್ತು ದಿನ ಆ ಮನೆಯನ್ನು ಯಾರಿಗೂ ಕೊಡುತ್ತಿರಲಿಲ್ಲ. ಅವರಲ್ಲಿ ಸತ್ತವರಿಗೆ ನಲವತ್ತು ದಿನದ ಶೋಕ ಹಿಡಿಯುತ್ತಾರಲ್ಲ, ಹಾಗೆ ಬಿಟ್ಟುಹೋದವರಿಗೆ ಹಿಡಿಯುತ್ತಿದ್ದರು. ದಿನಾ ಮಧ್ಯಾಹ್ನದ ನಮಾಜು ಮುಗಿಸಿ, ಚಾಪೆ ಕಂಕುಳಲ್ಲಿ ಇಟ್ಟುಕೊಂಡು ಆ ಖಾಲಿ ಮನೆಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು, ಬಿಸಿಲು ಇಳಿಯುವ ತನಕ ಕೂಡುತ್ತಿದ್ದರು. ಹೋದವರ ಬಗ್ಗೆ ಮಾತಾಡುವಾಗಲೂ ದನಿ ಇಳಿಸಿ “ಪಾಪ, ಛೊಲೋ ಮನಷ್ಯಾ ಇದ್ದ” ಅನ್ನುತ್ತಿದ್ದರು. ಆ ಮನುಷ್ಯ ಹುಮನಾಬಾದಿನಲ್ಲಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುತ್ತಿದ್ದ.

“ಸಾಮಾನು ಒಂದ ದಿನದಾಗ ಖಾಲಿ ಆಗ್ತದ ಬೇಟಾ. ಮನಷ್ಯಾರಿಗಿ ಟೈಮ್ ಹತ್ತತದ,” ಎನ್ನುವುದು ಅವರ ಲೆಕ್ಕ.

ಒಂದು ಬೇಸಿಗೆಯಲ್ಲಿ ಅವರ ನಡುವಿನ ಮನೆ ಖಾಲಿಯಾಗಿತ್ತು. ಒಬ್ಬ ದರ್ಜಿಯ ಸಂಸಾರ ಅಲ್ಲಿಂದ ಹೋಗಿ ಮೂರು ವಾರವಾಗಿತ್ತು. ಖಾಲಾ ಅವರ ಔಷಧಿ ಚೀಟಿ ನನ್ನಲ್ಲೇ ಉಳಿದಿತ್ತು, ಕೊಡಲೆಂದು ಮಟಮಟ ಮಧ್ಯಾಹ್ನ ಅಲ್ಲಿಗೆ ಹೋದೆ. ಅವರು ಚಾಪೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು.

“ಕೂಡು. ಏನರ ಕೇಳಸಲತ್ತದೇನು?”

ಕೂತೆ. ಮೊದಲು ಏನೂ ಇಲ್ಲ. ಓಣಿ ಬಿಸಿಲಿಗೆ ಹೆದರಿ ಬಾಗಿಲು ಹಾಕಿಕೊಂಡಿತ್ತು. ಆಮೇಲೆ ಒಳಗಿನ ಖೋಲಿಯಿಂದ, ಬಹಳ ಸಣ್ಣಗೆ, ಒಂದು ಹುಡುಗಿಯ ದನಿ. ಮಗ್ಗಿ ಹೇಳುತ್ತಿತ್ತು. ಏಳೇಳ್ಲೆ ನಲವತ್ತೊಂಬತ್ತು, ಏಳೆಂಟ್ಲೆ, ಏಳೆಂಟ್ಲೆ. ಅಲ್ಲಿ ನಿಂತು ಮತ್ತೆ ಮೊದಲಿನಿಂದ ಶುರು.

ಖಾಲಾ ನನ್ನ ಮುಖಕ್ಕೆ ಮುಖ ತಂದಿದ್ದರು. “ಏನು? ಏನಂತದ?”

“ಮಗ್ಗಿ ಖಾಲಾ. ಏಳರ ಮಗ್ಗಿ. ಎಂಟಕ್ಕ ಬಂದು ನಿಂದರಲತ್ತದ.”

“ಹೌದು, ಹೌದು,” ಎಂದು ಅವರು ಎದೆಯ ಮೇಲೆ ಕೈ ಇಟ್ಟುಕೊಂಡರು. “ಆ ದರ್ಜಿ ಮಗಳು ಅಲ್ಲೇ ತಡೀತಿತ್ತು. ಅವರವ್ವ ಬಡೀತಿದ್ದಳು.”

ಬಾಜೂ ಮನೆಯ ಹುಡುಗಿ ಇರಬೇಕು ಅಂದೆ. ಅಂದ ಮೇಲೆ ನೆನಪಾಯಿತು, ಬಾಜೂ ಮನೆಯಲ್ಲಿ ಹುಡುಗರೇ ಇಲ್ಲ. ಚೀಟಿ ಕೊಟ್ಟು ಎದ್ದು ಬಂದೆ. ಕಾಂಟಾದ ಮುಂದೆ ಕೂತರೂ ಅವತ್ತು ಕಿವಿ ಬಿಸಿಯಾಗಿಯೇ ಇತ್ತು. ಆಮೇಲೆ ಮರೆತೆ. ಮರೆಯುವುದರಲ್ಲಿ ನಾನು ಬಹಳ ಚುರುಕು.

ಇಪ್ಪತ್ತಾರು ತುಂಬುವಾಗ ಭಾಲ್ಕಿಯಲ್ಲಿ ಒಂದು ಮನೆ ಮಾರಾಟಕ್ಕಿದೆ ಎಂದು ಗಂಜಿನ ಹಮಾಲನೊಬ್ಬ ಹೇಳಿದ. ಸ್ಟೇಷನ್ ಕಡೆಯ ಓಣಿ, ಮೂರು ಖೋಲಿ, ಹಿಂದೆ ಬಚ್ಚಲು. ಬೆಲೆ ಕೇಳಿ ತಪ್ಪು ಕೇಳಿಸಿಕೊಂಡೆ ಎಂದುಕೊಂಡೆ, ಅಷ್ಟು ಕಡಿಮೆ. ಮಾರುವವನಿಗೆ ಕಾರಣ ಕೇಳಿದರೆ ನಕ್ಕ.

“ಬಾಡಿಗಿಯವರು ನಿಂದರವಲ್ರು ನೋಡ್ರಿ. ಸಪ್ಪಳ ಗಿಪ್ಪಳ ಅಂತಾರ. ಇಲಿ ಇರಬೇಕ್ರಿ. ಒಂದು ಬೆಕ್ಕು ಸಾಕಿದ್ರ ಮುಗೀತು.”

ನನ್ನ ಪಾಲಿನ ಕುರಿ ಮಾರಲು ಊರಿಗೆ ಹೋದೆ. ಅವ್ವ ಹಟ್ಟಿಯ ಮುಂದೆ ನಿಂತು, “ಕುರಿ ಮೇಸೋ ಮಂದಿ ನಾವು. ಗ್ವಾಡಿ ಮೇಸಿ ಹೊಟ್ಟಿ ತುಂಬಸ್ಕೋತೀಯೇನೋ?” ಅಂದಳು. ಅಂದರೂ ತಡೆಯಲಿಲ್ಲ. ಕುರಿಗಳು ಲಾರಿ ಹತ್ತುವಾಗ ಒಂದೊಂದರ ಬೆನ್ನಿನ ಮೇಲೂ ಕೈ ಎಳೆದಳು. ನನ್ನ ಹತ್ತಿರ ಇದ್ದದ್ದೆಲ್ಲ ಅಷ್ಟೇ, ಅದಷ್ಟೂ ಆ ಮನೆಗೆ ಹೋಗುವುದಿತ್ತು.

ಕೊಳ್ಳುವ ಮೊದಲು ಖಾಲಾ ಅವರನ್ನು ಭಾಲ್ಕಿಗೆ ಕರೆದುಕೊಂಡು ಹೋದೆ. ಅವರು ಎಂದಿನಂತೆ ಸಲಾಂ ಹೇಳಿ, ಕಾದು, ನಡುವಿನ ಖೋಲಿಯಲ್ಲಿ ಚಾಪೆ ಹಾಸಿದರು. ನಾನು ಅಡುಗೆ ಖೋಲಿಯ ಬಾಗಿಲಲ್ಲಿ ನಿಂತಿದ್ದೆ. ಹಳೆಯ ಒಲೆ ಕಿತ್ತು ಹಾಕಿ, ನಿಂತು ಅಡುಗೆ ಮಾಡಲು ಕಲ್ಲಿನ ಕಟ್ಟೆ ಕಟ್ಟಿಸಿದ್ದರು. ಕಟ್ಟೆಯ ಮೇಲೆ ಒಂದು ಬೆರಳು ದಪ್ಪ ಧೂಳು.

ಆಗ ಕೇಳಿಸಿತು. ರೊಟ್ಟಿ ಬಡಿಯುವ ಸಪ್ಪಳ.

ಆ ಸಪ್ಪಳವನ್ನು ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಹುಟ್ಟಿದಾಗಿನಿಂದ ಹೊಟ್ಟೆ ಹಸಿದಾಗಲೆಲ್ಲ ಕೇಳಿದ್ದು ಅದನ್ನೇ. ಅಂಗೈ ಹಿಟ್ಟಿನ ಮೇಲೆ ಬೀಳುವುದು, ರೊಟ್ಟಿ ತಿರುಗುವುದು, ನಡುನಡುವೆ ಬಳೆ ಸರಿಯುವುದು. ಒಂದು ರೊಟ್ಟಿ. ಎರಡು. ಮೂರು. ಆಮೇಲೆ ಎರಡು ಸಲ ಕೈ ಕೊಡವಿದ ಸದ್ದು, ಮತ್ತು ಮೌನ. ಸಪ್ಪಳ ಬಂದದ್ದು ಕಟ್ಟೆಯ ಮೇಲಿಂದಲ್ಲ, ಕೆಳಗಿಂದ, ಒಲೆ ಇದ್ದ ಮೂಲೆಯ ನೆಲದಿಂದ. ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಇನ್ನೂ ಹೆದರಿಕೆಯಾದದ್ದು ಆಮೇಲಿನ ಮೌನಕ್ಕೆ. ಯಾರೋ ಬರುವುದನ್ನು ಯಾರೋ ಕಾಯುತ್ತಿರುವ ಮೌನ ಅದು.

ತಿರುಗಿ ನೋಡಿದರೆ ಖಾಲಾ ನನ್ನನ್ನೇ ನೋಡುತ್ತಿದ್ದರು.

“ಇದ್ರಾಗ ಒಬ್ರು ಇನ್ನೂ ಖಾಲಿ ಮಾಡಿಲ್ಲ ಕಾಣ್ತದ,” ಅಂದರು. “ತಗೋ ಬೇಕಾದ್ರ. ಖರೆ ನಲವತ್ತ ದಿನ ಕೂಡು. ಕೂತ ಮ್ಯಾಲೂ ಅವರು ಹೋಗಲಿಲ್ಲಂದ್ರ, ಬರೋರಿಗಿ ಹಾಲ್ ಹೇಳಿ ಕೊಡು.”

ಕೊಂಡೆ. ಕೂಡಲೂ ಕೂತೆ, ಒಂಬತ್ತು ದಿನ. ಒಂಬತ್ತೂ ದಿನ ಮಧ್ಯಾಹ್ನ ಮೂರು ರೊಟ್ಟಿ, ಎರಡು ಸಲ ಕೈ ಕೊಡವಿದ್ದು, ಆ ಮೌನ. ಹತ್ತನೇ ದಿನ ಒಬ್ಬ ಟ್ರ್ಯಾಕ್ಟರ್ ಮೆಕ್ಯಾನಿಕ್ ಮನೆ ಕೇಳಿಕೊಂಡು ಬಂದ. ಹೊಸದಾಗಿ ಮದುವೆಯಾದವನು, ನನ್ನದೇ ವಯಸ್ಸು. ಹೆಂಡತಿ ಔರಾದಿನವಳು, ಹತ್ತೊಂಬತ್ತೋ ಇಪ್ಪತ್ತೋ. ಅವಳು ಸೆರಗು ಹಿಡಿದುಕೊಂಡು ಮೂರೂ ಖೋಲಿ ನೋಡಿ ಬಂದು, “ಅಣ್ಣಾರ, ಮನ್ಯಾಗ ಗಾಳಿ ಗೀಳಿ ಏನರ ಅದೇನ್ರಿ? ಇಷ್ಟ ಕಡಿಮಿಗಿ ಕೊಡಲತ್ತೀರಿ,” ಎಂದು ಕೇಳಿದಳು.

“ಛೇ, ಏನಿಲ್ಲವ್ವ. ಹೊಸಾ ಮನಿ ಇದ್ದಂಗ ಅದ,” ಅಂದೆ. ಕೀಲಿ ಕೊಟ್ಟೆ.

ಖಾಲಾ ಕೇಳಿದಾಗ ನಲವತ್ತು ದಿನ ಕೂತೆ ಅಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, “ಅಚ್ಛಾ,” ಅಂದರು. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಎರಡು ತಿಂಗಳು ಕಳೆದಾಗ ಆ ಹುಡುಗಿ ಗಂಡನ ಫೋನಿನಿಂದ ನನಗೆ ಮಾಡಿದಳು. ಮಧ್ಯಾಹ್ನ ಸಪ್ಪಳ ಕೇಳಿಸುತ್ತದೆ ಅಂದಳು. ಗಂಡ ಆ ಹೊತ್ತಿಗೆ ಗ್ಯಾರೇಜಿನಲ್ಲಿರುತ್ತಿದ್ದ. ಒಂದು ರವಿವಾರ ಅವನು ಮನೆಯಲ್ಲಿ ಕೂತು ಕೇಳಿದರೂ ಅವನಿಗೆ ಏನೂ ಕೇಳಿಸಲಿಲ್ಲವಂತೆ. “ನಿಮಗ ಏನರ ಗೊತ್ತದೇನ್ರಿ ಅಣ್ಣಾರ? ಖರೇ ಹೇಳ್ರಿ,” ಅಂದಳು.

ಇಲಿ ಇರಬೇಕವ್ವ ಅಂದೆ. ಬೆಕ್ಕು ಸಾಕು ಅಂತಲೂ ಹೇಳಿದೆ. ಈ ಮಾತು ಬರೆಯುವಾಗ ನನ್ನ ಕೈ ನನಗೇ ಹೇಸಿಗೆ ಅನಿಸುತ್ತಿದೆ.

ಅದಾದ ಮೇಲೆ ಅವಳು ಫೋನ್ ಮಾಡಲಿಲ್ಲ. ಗಂಡ ಮಾಡಿದ. ಹೆಂಡತಿಯ ತಲೆ ಕೆಟ್ಟಿದೆ, ಮಧ್ಯಾಹ್ನವಾದರೆ ಅಡುಗೆ ಖೋಲಿಯ ನೆಲ ನೋಡುತ್ತ ಕೂಡುತ್ತಾಳೆ, ತವರಿಗೆ ಬಿಟ್ಟು ಬಂದಿದ್ದೇನೆ, ಅಲ್ಲಿ ತಾಯತ ಕಟ್ಟಿಸಿದರು, ಏನೂ ಆಗಲಿಲ್ಲ ಅಂದ. ತನ್ನ ತಾಯಿ ಸೋಡಚೀಟಿ ಬರೆಸಿ ಮದುವೆ ಮುರಿದುಬಿಡು ಅನ್ನುತ್ತಿದ್ದಾಳೆ. ಬೇಸ್ತವಾರ ಔರಾದಿನಲ್ಲಿ ನಾಲ್ಕು ಮಂದಿ ಹಿರಿಯರು ಕೂಡುತ್ತಾರೆ.

“ನೀವು ಮನಿ ಮಾಲಕ್ರು. ನೀವಽ ಬಂದು ಹೇಳ್ರಿ, ಮನ್ಯಾಗ ಏನೂ ಇಲ್ಲಂತ. ಅಕಿ ನನ್ನ ಮಾತು ನಂಬವಲ್ಲಳು. ನಿಮ್ಮ ಮಾತು ಕೇಳಿದ್ರ ಎಲ್ಲಾರಿಗೂ ಖಾತ್ರಿ ಆಗ್ತದ.”

ಸಾಕ್ಷಿ ಹೇಳಲು ಕರೆದರು ಎಂದು ಖಾಲಾಗೆ ಹೇಳಿದೆ. ಅವರು ಕಡ್ಡಿಯಿಂದ ಹಲ್ಲು ತಿಕ್ಕುತ್ತ ಅಂಗಳದಲ್ಲಿ ಕೂತಿದ್ದರು. ಬಾಯಿ ಮುಕ್ಕಳಿಸಿ, “ಎಷ್ಟ ದಿನ ಕೂತಿದ್ದಿ?” ಎಂದು ಕೇಳಿದರು.

“ಒಂಬತ್ತು,” ಅಂದೆ.

“ಬೇಸ್ತವಾರ ನಾನೂ ಬರ್ತೇನಿ,” ಅಂದರು.

ಬೀದರಿನಿಂದ ಔರಾದಿಗೆ ಬಸ್ಸಿನಲ್ಲಿ ಒಂದೂವರೆ ತಾಸು. ಖಾಲಾ ಕಿಟಕಿಯ ಬದಿ ಕೂತು ಇಡೀ ದಾರಿ ಹೊಲ ನೋಡುತ್ತಿದ್ದರು. ಒಂದು ಉಪದೇಶ ಇಲ್ಲ, ಒಂದು ಬೈಗುಳ ಇಲ್ಲ. ನಾನೇ ಒಳಗೊಳಗೆ ವಾದ ಮಾಡುತ್ತಿದ್ದೆ. ಸಪ್ಪಳ ಇದೆ ಎಂದು ನಾಲ್ಕು ಜನರ ಮುಂದೆ ಮಾಲಕನೇ ಹೇಳಿದರೆ ಆ ಮಾತು ಮುಂದಿನ ಬಸ್ಸಿಗೇ ಭಾಲ್ಕಿ ಮುಟ್ಟುತ್ತದೆ. ಆಮೇಲೆ ಆ ಮನೆಗೆ ಬಾಡಿಗೆದಾರರಿರಲಿ, ಭಿಕ್ಷುಕನೂ ಬರುವುದಿಲ್ಲ. ಅವ್ವನ ಕುರಿ ಹೋದವು, ಮನೆಯೂ ಹೋಯಿತು. ಹೇಳದಿದ್ದರೆ ಹೋಗುವುದು ಒಂದು ಹೆಣ್ಣುಮಗಳ ಬಾಳು, ಅದೂ ಬೇರೆಯವರದು. ಇಂಥ ಲೆಕ್ಕವನ್ನೂ ನನ್ನ ತಲೆ ಹಾಕಿತು, ಸುಳ್ಳು ಹೇಳುವುದಿಲ್ಲ.

ಹುಡುಗಿಯ ಅಪ್ಪನದು ಔರಾದ ಬಸ್‌ಸ್ಟ್ಯಾಂಡಿನ ಹಿಂದೆ ಸಣ್ಣ ಕಿರಾಣಿ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಪಡಸಾಲೆಯಲ್ಲಿ ಹಿರಿಯರು, ಗಂಡ, ಗಂಡನ ತಾಯಿ. ಹುಡುಗಿ ಗೋಡೆಗೆ ಆತು ಕೂತಿದ್ದಳು. ಎರಡೂ ತೋಳಿಗೆ ತಾಯತ. ಮೊದಲು ನೋಡಿದ್ದಕ್ಕಿಂತ ಅರ್ಧ ಆಗಿದ್ದಳು. ಖಾಲಾ ಹೋಗಿ ಅವಳ ಎದುರಿಗೆ ಕೂತರು.

“ಇಂಥಾಕಿನ್ನ ಕಟಗೊಂಡು ನನ್ನ ಮಗ ಹ್ಯಾಂಗ ಬಾಳೇ ಮಾಡಬೇಕ್ರಿ?” ಎಂದು ಅತ್ತೆ ಶುರು ಮಾಡಿದಳು. “ಇಲ್ಲದ ಸಪ್ಪಳ ಕೇಳ್ತಾಳ. ನಾಳಿ ಇಲ್ಲದ ಮಾತು ಕೇಳ್ತಾಳ.”

ಗಂಡ ನನ್ನ ಕಡೆ ತಿರುಗಿದ. “ಅಣ್ಣಾರು ಬಂದಾರ. ಅವರಽ ಹೇಳ್ಲಿ.”

ಎಲ್ಲರೂ ನನ್ನನ್ನು ನೋಡಿದರು, ಖಾಲಾ ಒಬ್ಬರನ್ನು ಬಿಟ್ಟು. ಅವರು ಹುಡುಗಿಯನ್ನೇ ನೋಡುತ್ತಿದ್ದರು. ಹುಡುಗಿ ನೆಲ ನೋಡುತ್ತಿದ್ದಳು. ನಾನು ಏನು ಹೇಳುತ್ತೇನೆ ಎಂಬುದು ಅವಳಿಗೆ ಮೊದಲೇ ಗೊತ್ತಿದ್ದಂತಿತ್ತು.

“ಸಪ್ಪಳ ಅದ,” ಅಂದೆ.

ನನ್ನ ದನಿ ನನಗೇ ದೂರದಿಂದ ಕೇಳಿಸಿತು. “ನಾ ಒಂಬತ್ತ ದಿನ ಕೇಳೇನಿ. ಗೊತ್ತಿದ್ದಽ ಮನಿ ಕೊಟ್ಟೆ. ತಂಗಿ ಫೋನ್ ಮಾಡಿದಾಗೂ ಸುಳ್ಳು ಹೇಳ್ದೆ. ಅಕಿ ತಲಿ ಕೆಟ್ಟಿಲ್ಲ.”

ಹುಡುಗಿ ತಲೆ ಎತ್ತಿದಳು. ಕಣ್ಣಲ್ಲಿ ನಂಬಿಕೆ ಇರಲಿಲ್ಲ. ಅವಳನ್ನು ಸಮಾಧಾನ ಮಾಡಲು ಇದೂ ಒಂದು ಸುಳ್ಳು ಅಂದುಕೊಂಡಿರಬೇಕು.

“ಎಂಥಾ ಸಪ್ಪಳರೀ?” ಎಂದು ಕೇಳಿದಳು.

“ರೊಟ್ಟಿ ಬಡಿಯೂದು.”

“ಎಲ್ಲಿಂದ?”

“ಕೆಳಗಿಂದ. ಒಲಿ ಇತ್ತಲ್ಲ, ಆ ಮೂಲ್ಯಾಗಿಂದ.”

“ಎಷ್ಟು?”

“ಮೂರು. ಮೂರಾದ ಮ್ಯಾಲ ಎರಡ ಸಲ ಕೈ ಝಾಡಸ್ತದ. ಆಮ್ಯಾಲ ಸುಮ್ಮಕ ಇರ್ತದ.”

“ಯಾರನ್ನೋ ಕಾಯ್ದಂಗ,” ಅಂದಳು ಅವಳು.

“ಹೌದವ್ವಾ. ಕಾಯ್ದಂಗ.”

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಉಸಿರು ಬಿಟ್ಟಳು. ಎಷ್ಟೋ ತಿಂಗಳಿಂದ ಹಿಡಿದಿಟ್ಟ ಉಸಿರು, ಬಿಡುತ್ತಲೇ ಹೋದಳು. ಗಂಡನ ಮುಖ ಬೆಳ್ಳಗಾಗಿತ್ತು. ಮೂರು ರೊಟ್ಟಿಯ ಮಾತು, ಕೈ ಕೊಡವುವ ಮಾತು ಅವಳು ಅವನಿಗೆ ಹೇಳಿದ್ದಳಂತೆ. ಬೇರೆ ಯಾರಿಗೂ ಹೇಳಿರಲಿಲ್ಲ. ಅವನು ಎದ್ದು ಬಂದು ನನ್ನ ಕಾಲರ್ ಹಿಡಿದ. “ಗೊತ್ತಿದ್ದೂ ಕೊಟ್ಟೀರೇನ್ರಿ?” ಅಂದ. ಹೊಡೆಯಲೆಂದು ಕಾದೆ. ಹೊಡೆಯಲಿಲ್ಲ. ಕೈ ಬಿಟ್ಟು ಹೋಗಿ ಹೆಂಡತಿಯ ಪಕ್ಕ ಕುಕ್ಕರಗಾಲಲ್ಲಿ ಕೂತ.

ಖಾಲಾ ಆಗ ಮೊದಲ ಸಲ ಬಾಯಿ ತೆರೆದರು. “ಭಾಳ ಹೆದರಿಕಿ ಆಗಿತ್ತೇನವ್ವಾ?”

“ಸಪ್ಪಳಕ್ಕ ಹೆದರಿಕಿ ಇರಲಿಲ್ರೀ,” ಅಂದಳು ಹುಡುಗಿ. “ನನಗೊಬ್ಬಾಕೀಗೇ ಕೇಳಸ್ತದ ಅನ್ನೂದಕ್ಕ ಹೆದರಿಕಿ ಇತ್ತು.”

ಸೋಡಚೀಟಿಯ ಮಾತು ಅಲ್ಲಿಗೆ ನಿಂತಿತು. ಅವರು ಭಾಲ್ಕಿಯಲ್ಲೇ ಬೇರೆ ಮನೆ ಹಿಡಿದರು. ನಾನು ಅಂದುಕೊಂಡಂತೆಯೇ ಮಾತು ಊರೆಲ್ಲ ಹರಡಿತು, ನನ್ನ ಮನೆ ಇವತ್ತಿಗೂ ಖಾಲಿ ಬಿದ್ದಿದೆ. ಖಾಲಿ ಎನ್ನಬಾರದು, ಬಾಡಿಗೆದಾರರಿಲ್ಲ ಅಷ್ಟೆ.

ಆವತ್ತು ಔರಾದಿನಿಂದ ಮರಳುವಾಗ ಬಸ್ಸಿನಲ್ಲಿ ಜನ ಇರಲಿಲ್ಲ. ಖಾಲಾ ಕಿಟಕಿಯತ್ತ ಮುಖ ಮಾಡಿ, “ಬೇಟಾ, ಅದು ಖರೇನ ಅಷ್ಟ ಸಾಫ್ ಕೇಳಸ್ತದೇನು?” ಎಂದರು.

“ನೀವೂ ಕೇಳೀರಲ್ಲ ಖಾಲಾ.”

“ನಾನೆಲ್ಲಿ ಕೇಳೇನಿ?” ಅಂದರು. “ಅವತ್ತು ನಿನ್ನ ಮುಖ ನೋಡಿ ಹೇಳ್ದೆ. ಮೂವತ್ತ ವರ್ಸ ಆತು ಖಾಲಿ ಮನ್ಯಾಗ ಕೂಡಲತ್ತೇನಿ. ನನಗ ಒಂದಿನ ಒಂದು ಸಪ್ಪಳ ಕೇಳಿಲ್ಲ.”

ಅವರು ಹೊರಗೆ ನೋಡುತ್ತಲೇ ಹೇಳಿದರು. ಅವರಿಗೊಬ್ಬ ಮಗಳಿದ್ದಳು. ಎಂಟು ವರ್ಷದವಳು, ಜ್ವರ ಬಂದು ಮೂರು ದಿನದಲ್ಲಿ ಹೋದಳು, ಈಗ ಖಾಲಾ ಮಲಗುವ ಖೋಲಿಯಲ್ಲೇ. ಆಮೇಲೆ ಬಾಡಿಗೆಗಿದ್ದ ಒಬ್ಬ ಹೆಂಗಸು, ಬಿಟ್ಟುಹೋದವರ ದನಿ ಮನೆಯಲ್ಲಿ ಕೆಲವು ದಿನ ಉಳಿಯುತ್ತದೆ, ತನಗೆ ಕೇಳಿಸುತ್ತದೆ ಅಂದಳಂತೆ. ಆವತ್ತಿನಿಂದ ಇವರು ಕೂಡಲು ಹಿಡಿದರು. ಬೇರೆಯವರ ಮನೆಗಳಲ್ಲಿ ಕೂತು ಕಿವಿ ಪಳಗಿಸಿಕೊಂಡರೆ ಒಂದು ದಿನ ತಮ್ಮ ಮನೆಯದೂ ಕೇಳಿಸೀತು ಎಂಬ ಆಸೆ.

“ಆ ಹೆಂಗಸಿಗಿ ಕೇಳಬೇಕಿತ್ತಲ್ರೀ, ನಮ್ಮ ಮನ್ಯಾಗ ಬಂದು ಕೂಡು ಅಂತ.”

“ಹೆದರ್ದೆ. ನನ್ನ ಮನಸ್ಸಿಗಿ ಹಿತ ಆಗಲಿ ಅಂತ ಸುಳ್ಳು ಹೇಳಿಬಿಟ್ರ?” ಅಂದರು. “ನಿನ್ನೂ ಕೇಳಬೇಕು ಅಂತ ಭಾಳ ಸಲ ಬಾಯಿಗಿ ಬಂದಿತ್ತು. ಇವತ್ತು ನೀ ಖರೇ ಹೇಳ್ದಿ, ನಿನಗ ನುಕ್ಸಾನ್ ಆಗ್ತದಂತ ಗೊತ್ತಿದ್ದೂ. ಅದಕ್ಕ ಕೇಳತೇನಿ. ನನ್ನ ಖೋಲ್ಯಾಗ ಒಂದೀಟು ಕೂಡತೀಯೇನು?”

ಮರುದಿನ ಗಂಜಿಗೆ ರಜೆ ಹೇಳಿ ಕೂತೆ. ಒಂದು ದಿನ ಸಾಲದು ಎಂದು ಮೂರು ಮಧ್ಯಾಹ್ನ ಕೂತೆ. ಖಾಲಾ ಹೊರಗೆ ಅಂಗಳದಲ್ಲಿ, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು. ಒಳಗೆ ಒಂದು ಖಾಟು, ಒಂದು ಟ್ರಂಕು, ನೀರಿನ ಗಡಿಗೆ. ನಾನು ಉಸಿರು ಹಿಡಿದು, ಕಣ್ಣು ಮುಚ್ಚಿ, ಇದ್ದಬದ್ದ ಶಕ್ತಿಯೆಲ್ಲ ಕಿವಿಗೆ ತಂದು ಕೇಳಿದೆ. ಭಾಲ್ಕಿಯಲ್ಲಿ ಬೇಡವೆಂದರೂ ಕೇಳುತ್ತಿತ್ತು. ಇಲ್ಲಿ ಬೇಡಿಕೊಂಡರೂ ಏನೂ ಇಲ್ಲ. ಓಣಿಯಲ್ಲಿ ಯಾರದೋ ಸೈಕಲ್ಲು, ದೂರದ ಅಜಾನು, ಅಷ್ಟೆ.

ಮೂರನೇ ದಿನ ಎದ್ದು ಹೊರಗೆ ಬಂದೆ. ಒಂದು ಗೆಜ್ಜೆ ಸದ್ದು ಕೇಳಿಸಿತು ಎಂದರೆ ಸಾಕಾಗಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಎಪ್ಪತ್ತು ದಾಟಿದ ಜೀವ, ಉಳಿದ ದಿನ ಅದನ್ನೇ ನೆನೆದು ಸುಖವಾಗಿರುತ್ತಿತ್ತು. ಅವರು ತಿರುಗಿ ನನ್ನ ಮುಖ ನೋಡಿದರು. ಆ ಕಣ್ಣಿನ ಮುಂದೆ ನನಗೆ ಆಗಲಿಲ್ಲ.

“ಏನೂ ಕೇಳಿಸಲಿಲ್ಲ ಖಾಲಾ,” ಅಂದೆ. “ಮೂರೂ ದಿನ. ಏನಂದ್ರ ಏನೂ ಇಲ್ಲ.”

ಅವರು ಗೋಡೆ ಹಿಡಿದು ಎದ್ದರು. ನನ್ನನ್ನು ದಾಟಿ ಖೋಲಿಯ ಬಾಗಿಲಿಗೆ ಹೋಗಿ, ಒಳಗೆ ಇಣುಕಿ, ಅಲ್ಲೇ ಸ್ವಲ್ಪ ಹೊತ್ತು ನಿಂತರು. ಬೆನ್ನು ಮಾತ್ರ ಕಾಣುತ್ತಿತ್ತು. ಆಮೇಲೆ ಬಾಗಿಲ ಚೌಕಟ್ಟನ್ನು ಅಂಗೈಯಿಂದ ಎರಡು ಸಲ ಮೆಲ್ಲಗೆ ತಟ್ಟಿದರು.

“ಹೋಗಬೇಕಾದ ಕಡಿ ಹೋಗಿ ಮುಟ್ಯಾಳ ಹಂಗಾರ,” ಅಂದರು. “ಇಷ್ಟ ವರ್ಸ ಅಕಿ ಒಬ್ಬಾಕಿನಽ ಇಲ್ಲೇ ಅದಾಳ, ನಾ ಕರೆಯೂದು ಅಕಿಗಿ ಕೇಳಸ್ತದ, ಅಕಿ ಕರೆಯೂದು ನನಗ ಕೇಳವಲ್ದು ಅಂತ ತಿಳದಿದ್ದೆ.”